ಬಳ್ಳಿ ಬುಡದ ಬಳಗ

ಈ ಕಡೆ ತಲೆ ಹಾಕದೆ ಬಹಳ ದಿನವಾಯಿತು. ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ, ಬರೆದು ಮುಗಿಸೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗಬಹುದು. ಒಂದು ಲೋಟ ಚಹಾ ಮಾಡಿಕೊಂಡು ಓದಲು ಕೂತರೆ ಒಳ್ಳೆಯದು.

ನಮ್ಮದು ಶಿರಸಿ ಕಡೆ. ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು, ನಡುನಡುವೆ ಬಾಳೆ, ಒಂದಿಷ್ಟು ಯಾಲಕ್ಕಿ. ಆಗಸ್ಟಿನಲ್ಲಿ ಹೋದಾಗ ಅಪ್ಪಯ್ಯ ಮಾತಾಡದೆ ತೋಟಕ್ಕೆ ಕರೆದುಕೊಂಡು ಹೋದರು. ಕೆಳಗಿನ ಸಾಲಿನಲ್ಲಿ ಹನ್ನೊಂದು ಬಳ್ಳಿ ನಿಂತಲ್ಲೇ ಸತ್ತಿದ್ದವು. ಜೂನ್ ಕೊನೆಯಲ್ಲಿ ಫೋನಿನಲ್ಲಿ ಮಾತಾಡುವಾಗ 'ಈ ಸಲ ಕರೆ ಚೆನ್ನಾಗಿ ಬಿಟ್ಟಿದೆ' ಅಂದಿದ್ದ ಬಳ್ಳಿಗಳೇ ಅವು. ಎಲೆ ಉದುರಿ, ಗಿಣ್ಣು ಗಿಣ್ಣಾಗಿ ಕಳಚಿ, ಬುಡ ಕಪ್ಪಗೆ ಕೊಳೆತು, ಕೈಯಲ್ಲಿ ಹಿಡಿದರೆ ಸಿಪ್ಪೆ ಜಾರಿ ಬರುತ್ತಿತ್ತು. "ಎಂತ ಮಾಡದು ತಮಾ, ಹದಿನೈದು ದಿನದೊಳಗೆ ಹೋತು" ಅಂದರು ಅಷ್ಟೇ. ಬಳ್ಳಿ ಬೆಳೆದು ತುಂಬಾ ಫಸಲು ಕೊಡಲು ಏಳೆಂಟು ವರ್ಷ ಬೇಕು. ಅಪ್ಪಯ್ಯನಿಗೆ ಎಪ್ಪತ್ತಾರು. ಲೆಕ್ಕ ಹಾಕುವುದು ಬೇಡ ಅನಿಸಿತು.

ಇದಕ್ಕೆ ಶೀಘ್ರ ಸೊರಗು ರೋಗ ಅನ್ನುತ್ತಾರೆ. ನಮ್ಮಲ್ಲಿ ಸುಮ್ಮನೆ 'ರೋಗ ಬಂತು' ಅಂದರೂ ಎಲ್ಲರಿಗೂ ತಿಳಿಯುತ್ತದೆ.

ಅದೇ ತೋಟದ ಮೇಲಿನ ಮೂಲೆಯಲ್ಲಿ, ಹಳೇ ಗೊಬ್ಬರಗುಂಡಿಯ ಪಕ್ಕ, ಅಜ್ಜನ ಕಾಲದ ನಾಲ್ಕು ಮಲ್ಲಿಗೆಸರ ಬಳ್ಳಿಗಳಿವೆ. ಅವಕ್ಕೆ ಏನೂ ಆಗಿರಲಿಲ್ಲ. ಅಲ್ಲಿ ನೀರು ನಿಲ್ಲುವುದಿಲ್ಲ ಅನ್ನುವುದು ಒಂದು ಕಾರಣ ಇರಬಹುದು, ತಳಿ ಇನ್ನೊಂದು. ಆದರೆ ಆ ಮೂಲೆಯ ಮಣ್ಣನ್ನು ಕೈಯಲ್ಲಿ ಹಿಡಿದಾಗ ಮಳೆ ಬಿದ್ದ ಕಾಡಿನ ವಾಸನೆ ಬಂತು. ಕೆಳಗಿನ ಸಾಲಿನ ಮಣ್ಣಿಗೆ ಆ ವಾಸನೆ ಇರಲಿಲ್ಲ. ಬೆಂಗಳೂರಿಗೆ ವಾಪಸು ಬಂದ ಮೇಲೆ ಈ ಬುಡದ ಮಣ್ಣಿನಲ್ಲಿ ಯಾರ್ಯಾರಿದ್ದಾರೆ, ಅವರ ಬಗ್ಗೆ ಮನುಷ್ಯರಿಗೆ ಯಾವಾಗ ಗೊತ್ತಾಯಿತು ಅಂತ ಓದುತ್ತಾ ಹೋದೆ. ಓದಿದ್ದರಲ್ಲಿ ನನಗೆ ಹಿಡಿಸಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ನಾನು ಸಸ್ಯವಿಜ್ಞಾನಿಯಲ್ಲ, ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ತಪ್ಪಿದ್ದರೆ ತಿಳಿದವರು ತಿದ್ದಿ.

ಕಾಳುಮೆಣಸಿನ ಇತಿಹಾಸ ಅಂದ ಕೂಡಲೇ ನಾವೆಲ್ಲ ಹಡಗು ಹತ್ತಿಬಿಡುತ್ತೇವೆ. ರೋಮನ್ ನಾಣ್ಯ, ವಾಸ್ಕೋ ಡ ಗಾಮ, 16ನೇ ಶತಮಾನದಲ್ಲಿ ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ, ಇತ್ಯಾದಿ. ಕಲ್ಲಿಕೋಟೆಯ ಸಾಮೂದಿರಿಯ ಬಗ್ಗೆ ಒಂದು ಕತೆ ಇದೆ. ಪರದೇಶಿಗಳು ಮೆಣಸಿನ ಬಳ್ಳಿಯನ್ನೇ ಒಯ್ಯುತ್ತಿದ್ದಾರೆ ಅಂತ ಮಂತ್ರಿ ಗಾಬರಿಯಾದಾಗ, ಬಳ್ಳಿ ಒಯ್ದರೂ ನಮ್ಮ ಮಳೆಯನ್ನು ಒಯ್ಯಲಾಗುವುದಿಲ್ಲವಲ್ಲ ಅಂತ ದೊರೆ ನಕ್ಕನಂತೆ. ಕೇಳಲು ಚೆನ್ನಾಗಿದೆ, ಆದರೆ ದೊರೆ ಸೋತ. ಬಳ್ಳಿ ಎಲ್ಲೆಲ್ಲಿಗೋ ಹೋಗಿ ಚೆನ್ನಾಗಿಯೇ ಬೆಳೆಯಿತು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ದೇಶ ವಿಯೆಟ್ನಾಂ.

ಹೋದ ಕಡೆಯಲ್ಲೆಲ್ಲ ಬುಡ ಮಾತ್ರ ಕಾಟ ಕೊಟ್ಟಿತು. ಇಂಡೋನೇಷ್ಯಾದ ಬಂಕಾ ದ್ವೀಪದಲ್ಲಿ ಬೇರಿಗೆ ಹೊಕ್ಕುವ ಜಂತುಹುಳುವಿನಿಂದಾಗಿ ಇಪ್ಪತ್ತು ವರ್ಷಗಳಲ್ಲಿ ಸುಮಾರು 2.2 ಕೋಟಿ ಬಳ್ಳಿಗಳು ಹಳದಿಯಾಗಿ ಸತ್ತವು ಎಂದು 1950ರ ದಶಕದಲ್ಲಿ ಲೆಕ್ಕ ಹಾಕಿದರು. ಬ್ರೆಜಿಲ್‌ನ ಟೋಮೆ ಅಸು ಎಂಬಲ್ಲಿಗೆ ಜಪಾನಿನಿಂದ ವಲಸೆ ಹೋದವರು 1933ರಲ್ಲಿ ಸಿಂಗಪುರದಿಂದ ಕುಡಿ ತಂದು ನೆಟ್ಟು ಶ್ರೀಮಂತರಾದರು. 1950ರ ದಶಕದ ಕೊನೆಯಿಂದ ಫ್ಯುಸೇರಿಯಂ ಎಂಬ ಶಿಲೀಂಧ್ರ ಆ ತೋಟಗಳನ್ನು ಬೇರಿನಿಂದ ತಿನ್ನುತ್ತಾ ಬಂತು. ಮೆಣಸಿನ ಚರಿತ್ರೆಯನ್ನು ಹಡಗಿನಿಂದ ಬರೆದವರು ಬಹಳ ಜನ. ಬೇರಿನಿಂದ ಬರೆದವರು ಕಡಿಮೆ.

ನಮ್ಮ ಕಡೆಗೇ ಬರೋಣ.

ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಟಿಪ್ಪು ಸತ್ತ ಮರುವರ್ಷ, ಅಂದರೆ 1800ರಲ್ಲಿ, ಕಂಪನಿಯ ಅಪ್ಪಣೆಯಂತೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಲು ಹೊರಟ. 1801ರಲ್ಲಿ ಸೋದೆ, ಶಿರಸಿ, ಬನವಾಸಿ ಕಡೆಗೂ ಬಂದಿದ್ದ. 1807ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ನಮ್ಮ ಅಡಿಕೆ, ಮೆಣಸು, ಯಾಲಕ್ಕಿ ತೋಟಗಳ ವರ್ಣನೆ ಇದೆ, ಸೊಪ್ಪು ಗೊಬ್ಬರ ಹಾಕುವುದರ ವಿವರವೂ ಇದೆ. ಯಾವ ಊರಿಗೆ ಹೋದರೂ ತೆರಿಗೆ ಎಷ್ಟು, ಗೊಬ್ಬರ ಏನು ಅಂತ ಕೇಳಿದ ಮನುಷ್ಯ. ಓದುತ್ತಾ ಹೋದರೆ ಬೇಜಾರೂ ಬರುತ್ತದೆ, ಪುಸ್ತಕ ಬಿಡಲೂ ಆಗುವುದಿಲ್ಲ.

ಆ ಸೊಪ್ಪಿನ ವ್ಯವಸ್ಥೆ ಮುಂದೆ ಕಾನೂನಾಯಿತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಕಾಡನ್ನು ಸೊಪ್ಪಿನ ಬೆಟ್ಟವಾಗಿ ಬಿಟ್ಟುಕೊಟ್ಟರು. ಜಾಗ ಸರಕಾರದ್ದು, ಸೊಪ್ಪು ದರಕು ತೋಟಿಗನದ್ದು. ಒಂದಕ್ಕೆ ಒಂಬತ್ತು! ಚಿಕ್ಕವನಿದ್ದಾಗ ದರಕು ಗುಡಿಸಿ ಹೊತ್ತು ತರುವ ಕೆಲಸಕ್ಕೆ ನಾನೂ ಹೋಗಿದ್ದೇನೆ, ಬೆನ್ನು ತುರಿಕೆಯೊಂದೇ ನೆನಪು. ದರಕು ಕೊಟ್ಟಿಗೆಗೆ ಹೋಗುತ್ತದೆ, ದನದ ಕಾಲಡಿ ಸಗಣಿ ಗಂಜಳದಲ್ಲಿ ನೆನೆಯುತ್ತದೆ, ಗುಂಡಿಗೆ ಬೀಳುತ್ತದೆ, ವರ್ಷ ಕಳೆದು ತೋಟಕ್ಕೆ ಬರುತ್ತದೆ. ಈಗ ಹಿಂತಿರುಗಿ ನೋಡಿದರೆ, ನಾವು ಹೊತ್ತದ್ದು ಬರೀ ಎಲೆ ಅಲ್ಲ. ಕಾಡಿನ ನೆಲದ ಜೀವಿಗಳನ್ನು ಹೆಡಿಗೆಗಟ್ಟಲೆ ತೋಟಕ್ಕೆ ಹೊತ್ತು ಹಾಕುತ್ತಿದ್ದೆವು.

ಹಾಗಂತ 'ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು' ಎಂಬ ಮಾತಿಗೆ ನಾನು ಸಹಿ ಹಾಕಲಾರೆ. ಗೊಬ್ಬರದ ಬಗ್ಗೆ ಅವರಿಗೆ ಬಹಳ ಗೊತ್ತಿತ್ತು ಅನ್ನುವುದು ನಿಜ. 1025ರ ಹೊತ್ತಿಗೆ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಭಾಗವಿದೆ, ಅದೂ ಕನ್ನಡದಲ್ಲಿ. (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಇವನು ಬೇರೆ.) ಮೆಣಸಿನ ವ್ಯಾಪಾರದಲ್ಲೇ ಬೆಳೆದ ಕೆಳದಿ ಸಂಸ್ಥಾನದ ಬಸವಪ್ಪ ನಾಯಕ 18ನೇ ಶತಮಾನದ ಆರಂಭದಲ್ಲಿ ಬರೆದ 'ಶಿವತತ್ತ್ವರತ್ನಾಕರ'ದಲ್ಲೂ ಗಿಡಮರಗಳ ಆರೈಕೆ ಬರುತ್ತದೆ. ಸುರಪಾಲನ 'ವೃಕ್ಷಾಯುರ್ವೇದ'ದ ಕುಣಪಜಲ, ಅಂದರೆ ಮಾಂಸ ಮೂಳೆ ಕೊಳೆಸಿ ಮಾಡುವ ದ್ರವಗೊಬ್ಬರ, ಈಗ ಯೂಟ್ಯೂಬಿನಲ್ಲೂ ಸಿಗುತ್ತದೆ. ಇವೆಲ್ಲ ಕೊಳೆಯುವಿಕೆಯನ್ನು ಹದಕ್ಕೆ ತಂದು ಬಳಸಿಕೊಳ್ಳುವ ವಿದ್ಯೆಗಳು. ಕೊಳೆಸುವವರು ಯಾರು ಅನ್ನುವುದು ಅವರಿಗೆ ಕಾಣಲಿಲ್ಲ, ಕಾಣುವ ಸಾಧನವೇ ಇರಲಿಲ್ಲ. ಬಳ್ಳಿ ಸಾಯುವುದು ಹಿಂದೆಯೂ ಇತ್ತು. ಅಜ್ಜ ಆ ಮೂಲೆಯ ನಾಲ್ಕು ಬಳ್ಳಿ ತೋರಿಸಿ ಹೆಮ್ಮೆ ಪಡುತ್ತಿದ್ದನೇ ಹೊರತು ಉಳಿದವು ಏನಾದವು ಅಂತ ಹೇಳಿದ್ದು ನೆನಪಿಲ್ಲ.

ಬೇರಿನ ಕತೆ ಶುರುವಾಗುವುದು ಜರ್ಮನಿಯಲ್ಲಿ, ಅದೂ ಒಂದು ಸೋಲಿನಿಂದ. ಟ್ರಫಲ್ ಅಂತ ಒಂದು ಅಣಬೆ, ನೆಲದಡಿ ಬೆಳೆಯುವಂಥದ್ದು, ಬಂಗಾರದ ಬೆಲೆ. ಅದನ್ನು ಪ್ರಷ್ಯಾದಲ್ಲಿ ಬೆಳೆಸುವುದು ಹೇಗೆ ಎಂದು ಪತ್ತೆ ಮಾಡಲು ಆಲ್ಬರ್ಟ್ ಬೆರ್ನ್‌ಹಾರ್ಡ್ ಫ್ರಾಂಕ್ ಎಂಬ ಸಸ್ಯವಿಜ್ಞಾನಿಗೆ ಸರಕಾರ ಹೇಳಿತು. ಅವನು ಟ್ರಫಲ್ ಸಿಗುವ ಕಡೆ ಮರಗಳ ಬೇರು ಅಗೆದು ಅಗೆದು ನೋಡಿದ. ಟ್ರಫಲ್ ಕೃಷಿ ಅವನಿಂದ ಆಗಲಿಲ್ಲ. ಆದರೆ ಮರದ ಎಳೆಬೇರಿಗೆ ಶಿಲೀಂಧ್ರದ ಎಳೆಗಳು ಕಾಲುಚೀಲದ ಹಾಗೆ ಸುತ್ತಿಕೊಂಡಿರುವುದು, ಹಾಗಿದ್ದೂ ಮರ ಆರೋಗ್ಯವಾಗಿಯೇ ಇರುವುದು ಕಂಡಿತು. 1885ರಲ್ಲಿ ಅದಕ್ಕೆ ಮೈಕೊರೈಝ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಶಿಲೀಂಧ್ರ-ಬೇರು ಎಂದರ್ಥ. ಶಿಲೀಂಧ್ರ ಎಂದರೆ ರೋಗ ಎಂದೇ ತಿಳಿದಿದ್ದ ಕಾಲ ಅದು. ಐರ್ಲೆಂಡಿನ ಆಲೂಗಡ್ಡೆ ಬರಗಾಲ ಇನ್ನೂ ಜನರ ನೆನಪಿನಲ್ಲಿತ್ತು. ಮರಕ್ಕೆ ಇದು ದಾದಿಯ ಹಾಗೆ ಎಂದು ಫ್ರಾಂಕ್ ಹೇಳಿದ್ದನ್ನು ಬಹಳ ಜನ ಒಪ್ಪಲಿಲ್ಲ.

1904ರಲ್ಲಿ ಇನ್ನೊಬ್ಬ ಜರ್ಮನ್, ಲೊರೆಂಟ್ಸ್ ಹಿಲ್ಟ್ನರ್, ಬೇರಿನ ಸುತ್ತಲಿನ ಮಣ್ಣಿಗೆ ರೈಝೋಸ್ಫಿಯರ್ ಎಂಬ ಹೆಸರು ಕೊಟ್ಟ. ಬೇರು ಸಕ್ಕರೆ ಇತ್ಯಾದಿ ಒಸರುತ್ತದೆ, ಅದನ್ನು ನೆಚ್ಚಿ ಬ್ಯಾಕ್ಟೀರಿಯಾಗಳು ಅಲ್ಲಿ ಮುಗಿಬಿದ್ದಿರುತ್ತವೆ, ಗಿಡದ ಆರೋಗ್ಯ ಈ ನೆರೆಹೊರೆಯ ಮೇಲೆ ನಿಂತಿದೆ ಎಂದ. ಮನೆ ಹಿತ್ತಿಲಿನ ಹಾಗೆ ಅಂದುಕೊಳ್ಳಿ. ಒಳ್ಳೆಯವರೂ ಬರುತ್ತಾರೆ, ಕಳ್ಳರೂ ಬರುತ್ತಾರೆ.

ಕಾಳುಮೆಣಸಿನಲ್ಲಿ ಬೇರುಕೂದಲು ಹೆಚ್ಚಿಲ್ಲ, ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣ, ಅಲ್ಯೂಮಿನಿಯಂಗಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಮೈಕೊರೈಝದ ಎಳೆಗಳು ಬೇರು ತಲುಪದ ಸಂದಿಗೂ ನುಗ್ಗಿ ಆ ರಂಜಕವನ್ನು ತಂದುಕೊಡುತ್ತವೆ, ಬದಲಿಗೆ ಸಕ್ಕರೆ ಪಡೆಯುತ್ತವೆ. ಮರಗಳ ಬೇರಿಗೆ ಹೊರಗಿಂದ ಸುತ್ತಿಕೊಳ್ಳುವ ಫ್ರಾಂಕನ ಜಾತಿ ಇದಲ್ಲ. ಮೆಣಸು, ಶುಂಠಿ, ಅರಿಶಿನ, ಯಾಲಕ್ಕಿಗಳಲ್ಲಿ ಇರುವುದು ಬೇರಿನ ಕೋಶದೊಳಗೇ ಹೊಕ್ಕು ಸಣ್ಣ ಮರದಂತೆ ಕವಲೊಡೆಯುವ ಜಾತಿ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕಿದ ಸುಮಾರು 40 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲೂ ಇಂಥದ್ದೇ ಕವಲುಗಳು ಕಂಡಿವೆ. ಆಗಿನ ಗಿಡಗಳಿಗೆ ಸರಿಯಾದ ಬೇರೇ ಇರಲಿಲ್ಲ! ಬೇರಿಗಿಂತ ಮೊದಲೇ ಬೇರಿನ ಜೊತೆಗಾರ ಬಂದಿದ್ದಾನೆ.

ಮಸಾಲೆ ಗಿಡಗಳ ಬೇರಿನಲ್ಲಿ ಇದನ್ನು ಹುಡುಕಿಸಿದವರಲ್ಲಿ ಆಲ್ಬರ್ಟ್ ಹೋವರ್ಡ್ ಒಬ್ಬ. ಇಂದೋರಿನಲ್ಲಿ ಕುಳಿತು ಭಾರತದ, ಚೀನಾದ ರೈತರ ಪದ್ಧತಿ ನೋಡಿ ಕಾಂಪೋಸ್ಟ್ ವಿಧಾನ ರೂಪಿಸಿದವನು. ಇಂಗ್ಲೆಂಡಿಗೆ ಮರಳಿದ ಮೇಲೂ 1930ರ ದಶಕದ ಕೊನೆಯಲ್ಲಿ ಬಂದು ಚಹಾ ತೋಟಗಳನ್ನು ಸುತ್ತಿ, ಕಾಂಪೋಸ್ಟ್ ಹಾಕಿದಲ್ಲಿ ಗಿಡ ಚೇತರಿಸಿಕೊಳ್ಳುವುದಕ್ಕೆ ಮೈಕೊರೈಝವೇ ಕಾರಣ ಇರಬೇಕೆಂದು ಬೇರುಗಳನ್ನು ಪರೀಕ್ಷೆ ಮಾಡಿಸಿದ. 1940ರಲ್ಲಿ ಬಂದ ಅವನ ಪುಸ್ತಕದಲ್ಲಿ ಹೀಗೆ ಮೈಕೊರೈಝ ಕಂಡ ಬೆಳೆಗಳ ಪಟ್ಟಿಯಿದೆ. ಕಾಫಿ, ತೆಂಗು, ಬಾಳೆಯ ಜೊತೆ ಯಾಲಕ್ಕಿಯೂ ಇದೆ. ಹೋವರ್ಡ್ ಈ ವಿಷಯದಲ್ಲಿ ಸ್ವಲ್ಪ ಅತಿ ಮಾಡಿದ ಎಂದು ನನಗನಿಸುತ್ತದೆ, ಎಲ್ಲ ರೋಗಕ್ಕೂ ಒಂದೇ ಉತ್ತರ ಸಿಕ್ಕಿತೆಂಬ ಹಾಗೆ ಬರೆಯುತ್ತಾನೆ. ಆದರೆ ನೋಡಬೇಕಾದ ಜಾಗಕ್ಕೇ ಕೈ ತೋರಿಸಿದ. ನಮ್ಮ ರಾಜ್ಯದಲ್ಲಿ ಇದನ್ನು ಅಳೆದು ತೂಗಿ ಅಭ್ಯಾಸ ಮಾಡುವ ಕೆಲಸ 1970ರ ದಶಕದ ಕೊನೆಯಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಮತ್ತು ಅವರ ಶಿಷ್ಯರಿಂದ ನಡೆಯಿತು.

ಇನ್ನು ನಮ್ಮ ಹನ್ನೊಂದು ಬಳ್ಳಿ ಕೊಂದವನ ವಿಷಯ.

ಮಲಬಾರು, ವಯನಾಡುಗಳಲ್ಲಿ ಮೆಣಸಿನ ಬಳ್ಳಿ ಸಾಯುತ್ತಿದೆ ಎಂಬ ದೂರು 20ನೇ ಶತಮಾನದ ಮೊದಲ ವರ್ಷಗಳಲ್ಲೇ ಮದರಾಸು ಸರಕಾರಕ್ಕೆ ಹೋಗಿತ್ತು. ಸಿ. ಎ. ಬಾರ್ಬರ್ ನೋಡಿದರು, ಆಮೇಲೆ ಭಾರತದ ಸಸ್ಯರೋಗ ವಿಜ್ಞಾನಕ್ಕೆ ತಳಪಾಯ ಹಾಕಿದ ಇ. ಜೆ. ಬಟ್ಲರ್ 1906ರಲ್ಲಿ ಬರೆದರು. ಕಾರಣ ಖಚಿತವಾಗಲಿಲ್ಲ. ಅದೇ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗ ಬಯಲಾಗುತ್ತಿತ್ತು. 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡು ಸುತ್ತಿ, 1910ರಲ್ಲಿ ಕೊಳೆರೋಗದ ಮೇಲೆ ಪುಸ್ತಿಕೆ ತಂದರು. ರೋಗಕ್ಕೆ ಕಾರಣ ಫೈಟೋಫ್ತೊರ ಕುಲದ ಜೀವಿ, ಬೋರ್ಡೋ ದ್ರಾವಣಕ್ಕೆ ರಾಳದ ಅಂಟು ಸೇರಿಸಿ ಹೊಡೆಯಿರಿ ಎಂದರು. ಅದಕ್ಕೂ ಮೊದಲು ಕೊನೆಗೆ ಕೊಟ್ಟೆ ಕಟ್ಟುವುದೇ ನಮಗಿದ್ದ ಉಪಾಯ. ಮೈಲುತುತ್ತ, ಸುಣ್ಣ ಕಲಸಿ ಮರ ಹತ್ತಿ ಹೊಡೆಯುವ ಇವತ್ತಿನ ಕೊನೆಗೌಡನ ಕೆಲಸದ ಹಿಂದೆ ಆ ಮನುಷ್ಯ ಇದ್ದಾನೆ.

ಇಲ್ಲಿ ಒಂದು ಅಡ್ಡ ಮಾತು. ನಮ್ಮ 'ಕೊಳೆರೋಗ' ಲ್ಯಾಟಿನ್ ಹೆಸರಿನೊಳಗೂ ಸೇರಿಕೊಂಡಿದೆ ಗೊತ್ತೇ? ಮೈಸೂರಿನ ಕಾಫಿ ಎಲೆ ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬಾತ ಇಟ್ಟ ಹೆಸರು 'ಪೆಲ್ಲಿಕ್ಯುಲೇರಿಯ ಕೊಳೆರೋಗ'. ಮುಂದೆ ಅದೇ ಒಂದು ಕುಲದ ಹೆಸರೂ ಆಯಿತು. ಕನ್ನಡದಿಂದ ವಿಜ್ಞಾನಕ್ಕೆ ಹೋದ ಶಬ್ದಗಳ ಪಟ್ಟಿ ಮಾಡುವವರು ಸೇರಿಸಿಕೊಳ್ಳಿ. ಹೆಮ್ಮೆಪಡುವುದೋ ಬೇಡವೋ ಅದು ನಿಮಗೆ ಬಿಟ್ಟದ್ದು :-)

ಫೈಟೋಫ್ತೊರ ಎಂದರೆ ಗಿಡ ಹಾಳುಮಾಡುವುದು ಎಂದರ್ಥ. ಮೆಣಸಿನ ಸೊರಗಿಗೂ ಅದೇ ಕುಲ ಕಾರಣ ಎಂದು 1936ರಲ್ಲಿ ಇಂಡೋನೇಷ್ಯಾದಲ್ಲಿ, 1966ರಲ್ಲಿ ಕೇರಳದಲ್ಲಿ ವರದಿಯಾಯಿತು. ಮೊದಲು ಒಂದು ಹೆಸರು ಇತ್ತು, 1980ರ ದಶಕದಲ್ಲಿ ಪರಿಶೀಲಿಸಿ 'ಫೈಟೋಫ್ತೊರ ಕ್ಯಾಪ್ಸಿಸಿ' ಎಂದರು. ಆ ಹೆಸರು ಬಂದದ್ದು ಕ್ಯಾಪ್ಸಿಕಂನಿಂದ, ಅಂದರೆ ಮೆಣಸಿನಕಾಯಿಯಿಂದ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 1922ರಲ್ಲಿ ಮೆಣಸಿನಕಾಯಿ ಗಿಡದ ಮೇಲೆ ಅದನ್ನು ಮೊದಲು ಗುರುತಿಸಿದ್ದರು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದು ನಮ್ಮ ಮೆಣಸಿನ ಹೆಸರನ್ನೇ ಹೊಡೆದುಕೊಂಡು, ಅಸಲಿ ಮೆಣಸು 'ಕಾಳು', 'ಕರಿ', 'ಒಳ್ಳೆ' ಎಂಬ ವಿಶೇಷಣ ಸೇರಿಸಿಕೊಂಡು ತಿರುಗುವ ಹಾಗೆ ಮಾಡಿತು. ಈಗ ರೋಗದ ಹೆಸರಿನಲ್ಲೂ ಅದರದ್ದೇ ಯಜಮಾನಿಕೆ.

ಈ ಪ್ರಾಣಿ (ಹಾಗೇ ಕರೆಯೋಣ) ನಿಜವಾದ ಶಿಲೀಂಧ್ರವೇ ಅಲ್ಲ. ಪಾಚಿಗಳ ದೂರದ ನೆಂಟ. ಇದರ ಬೀಜಕಣಗಳಿಗೆ ಎರಡು ಬಾಲಗಳಿವೆ, ಮಣ್ಣಿನ ನೀರಿನಲ್ಲಿ ಈಜಿಕೊಂಡು ಹೋಗಿ ಬೇರು ಹಿಡಿಯುತ್ತವೆ. ಜುಲೈ, ಆಗಸ್ಟಿನಲ್ಲೇ ಬಳ್ಳಿ ಸಾಯುವುದಕ್ಕೆ ಕಾರಣ ಇದು. ಬೇಸಿಗೆಯಲ್ಲಿ ಈಜಲು ನೀರಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1950ರ ದಶಕದ ಆರಂಭದಲ್ಲಿ ಉತ್ತರ ಕೇರಳದ ಪನ್ನಿಯೂರಿನಲ್ಲಿ ಮೆಣಸಿನ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಂದ 1971ರಲ್ಲಿ ಬಂದ ಪನ್ನಿಯೂರು-1 ಜಗತ್ತಿನ ಮೊದಲ ಮಿಶ್ರತಳಿ ಕಾಳುಮೆಣಸು. ಉದ್ದನೆ ಕರೆ, ದಪ್ಪ ಕಾಳು, ಒಳ್ಳೆ ಇಳುವರಿ. ನಮ್ಮ ಕಡೆಯ ಮಲ್ಲಿಗೆಸರ, ಉದ್ದಗರೆಗಳು ಮೂಲೆಗೆ ಸರಿದವು. ಆದರೆ ಪನ್ನಿಯೂರು-1 ಸೊರಗು ರೋಗವನ್ನು ತಡೆಯುವ ತಳಿಯಲ್ಲ. ಅದರ ಜೊತೆಗೆ ನರ್ಸರಿ ಪ್ಲಾಸ್ಟಿಕ್ ತೊಟ್ಟೆಗಳು ಊರೂರು ತಿರುಗಿದವು, ತೊಟ್ಟೆಯ ಮಣ್ಣಿನಲ್ಲಿ ರೋಗವೂ ಬೇರುಜಂತುವೂ ಸವಾರಿ ಮಾಡಿದವು. ನಮ್ಮ ಕೆಳಗಿನ ಸಾಲೂ ಹೀಗೆ ತೊಟ್ಟೆಯಲ್ಲಿ ಬಂದ ಸಸಿಗಳದ್ದೇ.

ತಾಮ್ರದ ಔಷಧ ಇತ್ತು, ಆಮೇಲೆ ಬೇರೆ ರಾಸಾಯನಿಕಗಳೂ ಬಂದವು. ಕಲ್ಲಿಕೋಟೆಯಲ್ಲಿ 1986ರಲ್ಲಿ ರಾಷ್ಟ್ರೀಯ ಕೇಂದ್ರವಾಗಿ ನಿಂತು 1995ರಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಜಾಗದಲ್ಲಿ (ಕೊಡಗಿನ ಅಪ್ಪಂಗಳದಲ್ಲಿ ಅದರ ಪ್ರಾದೇಶಿಕ ಕೇಂದ್ರ ಇದೆ) ವೈ. ಆರ್. ಶರ್ಮ, ಎಂ. ಆನಂದರಾಜ್ ಮೊದಲಾದವರು ಇನ್ನೊಂದು ದಾರಿ ಹುಡುಕಿದರು. ಬುಡದ ಮಣ್ಣಿನಲ್ಲೇ ಇರುವ ಬಂಟರನ್ನು ಸಾಕಿ ಬಿಡುವುದು. ಮುಖ್ಯವಾಗಿ ಟ್ರೈಕೋಡರ್ಮ ಎಂಬ ಹಸಿರು ಬೂಸಲು.

ಟ್ರೈಕೋಡರ್ಮಕ್ಕೆ ಪರ್ಸೂನ್ ಹೆಸರಿಟ್ಟದ್ದು 1794ರಲ್ಲಿ. ಸುಮಾರು 140 ವರ್ಷ ಅದು ಯಾರಿಗೂ ಬೇಡದ ಬೂಸಲಾಗಿತ್ತು. 1932ರಲ್ಲಿ ಕ್ಯಾಲಿಫೋರ್ನಿಯದ ರಿಚರ್ಡ್ ವೈಂಡ್ಲಿಂಗ್ ಕಿತ್ತಳೆ ಜಾತಿಯ ಸಸಿ ಕೊಳೆಸುವ ಶಿಲೀಂಧ್ರವನ್ನು ಇದು ಸುತ್ತಿ ಹಿಡಿದು ತಿನ್ನುವುದನ್ನು ನೋಡಿ ಬರೆದರು. ಆಮೇಲೆ ರಾಸಾಯನಿಕ ಔಷಧಗಳ ಅಬ್ಬರದಲ್ಲಿ ಎಲ್ಲರೂ ಮರೆತರು. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿಯ ಡೇರೆಗಳನ್ನು ತಿಂದು ತೂತು ಮಾಡಿದ್ದೂ ಇದೇ ಕುಲದ ಒಂದು ಜಾತಿ. ಅದರ ಸಂತತಿಯಿಂದಲೇ ಇವತ್ತು ಕಾರ್ಖಾನೆಗಳಲ್ಲಿ ಸೆಲ್ಯುಲೇಸ್ ಕಿಣ್ವ ತೆಗೆಯುತ್ತಾರೆ. 1970ರ ದಶಕದಲ್ಲಿ ಹೊಲದಲ್ಲಿ ಪ್ರಯೋಗಗಳಾಗಿ ಟ್ರೈಕೋಡರ್ಮಕ್ಕೆ ಮತ್ತೆ ಬೆಲೆ ಬಂತು. ಫೈಟೋಫ್ತೊರದ ಗೋಡೆ ಮುಖ್ಯವಾಗಿ ಗ್ಲೂಕನ್, ಸೆಲ್ಯುಲೋಸ್‌ಗಳದ್ದು, ಇದರ ಬತ್ತಳಿಕೆಯಲ್ಲಿ ಅವನ್ನು ಕರಗಿಸುವ ಕಿಣ್ವಗಳಿವೆ. ಡೇರೆ ತಿಂದ ಹಲ್ಲೇ ಇಲ್ಲೂ ಕೆಲಸಕ್ಕೆ ಬರುತ್ತದೆ ಅನ್ನಿ.

ಜೊತೆಗಾರ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಉಪಾಯ ಬೇರೆ. ಕಬ್ಬಿಣವನ್ನು ಹಿಡಿದೆಳೆಯುವ ಒಂದು ಅಣುವನ್ನು ಮಣ್ಣಿಗೆ ಬಿಟ್ಟು, ಇದ್ದಬದ್ದ ಕಬ್ಬಿಣವನ್ನು ತಾನೇ ಬಾಚಿಕೊಂಡು ರೋಗಾಣುವನ್ನು ಉಪವಾಸ ಕೆಡವುತ್ತದೆ. ಇದನ್ನು 1980ರಲ್ಲಿ ಕ್ಲೋಪರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಕಲ್ಲಿಕೋಟೆಯವರ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಸಣ್ಣ ಲೇಖನ. ಬಲಿತ ತೆಂಗಿನಕಾಯಿಯ ನೀರಿನಲ್ಲಿ ಈ ಜೀವಿಗಳನ್ನು ಬೆಳೆಸಬಹುದು ಎಂದು 1997ರಲ್ಲಿ ಆನಂದರಾಜ್ ಮತ್ತು ಶರ್ಮ ಬರೆದರು. ಕೊಬ್ಬರಿ ಮಾಡುವಲ್ಲೆಲ್ಲ ಮೋರಿಗೆ ಹರಿದುಹೋಗುವ ನೀರು! ಪ್ರಯೋಗಾಲಯದ ದುಬಾರಿ ಸಾರು ಬೇಡ. ಮುಂದೆ 2010ರ ದಶಕದಲ್ಲಿ ಅದೇ ಸಂಸ್ಥೆ ಸೂಕ್ಷ್ಮಜೀವಿಗಳನ್ನು ಮಾತ್ರೆಯ ಹಾಗೆ ಸಣ್ಣ ಕ್ಯಾಪ್ಸೂಲಿನಲ್ಲಿ ತುಂಬುವ ವಿಧಾನವನ್ನೂ ತಂದಿತು. ಅದಕ್ಕೆ ಪತ್ರಿಕೆಗಳಲ್ಲಿ ಹೆಚ್ಚು ಪ್ರಚಾರ ಸಿಕ್ಕಿತು. ನನಗೆ ಮಾತ್ರ ತೆಂಗಿನ ನೀರೇ ದೊಡ್ಡದು.

ಇಷ್ಟರವರೆಗೆ ಓದಿ ನಾನೂ 'ಒಳ್ಳೆಯ ಸೂಕ್ಷ್ಮಾಣುಜೀವಿ'ಗಳ ಭಕ್ತನಾಗಿಬಿಟ್ಟಿದ್ದೆ. ಆಮೇಲೆ ಸಿಕ್ಕಿದ್ದು ಬಳ್ಳಿಯ ಒಳಗೇ ವಾಸ ಮಾಡುವವರ ಕತೆ.

ಗಿಡದ ಕಾಂಡ, ಬೇರುಗಳ ಒಳಗೆ ಏನೂ ಕೇಡು ಮಾಡದೆ ಬದುಕುವ ಜೀವಿಗಳಿಗೆ ಎಂಡೋಫೈಟ್ ಎನ್ನುತ್ತಾರೆ. 1866ರಲ್ಲಿ ಆಂಟೊನ್ ಡಿ ಬಾರಿ ಕೊಟ್ಟ ಶಬ್ದ. 2009ರಲ್ಲಿ ಕಲ್ಲಿಕೋಟೆಯ ತಂಡ ಕಾಳುಮೆಣಸಿನ ಬೇರು, ಕಾಂಡಗಳ ಒಳಗಿನ ಬ್ಯಾಕ್ಟೀರಿಯಾಗಳನ್ನು ಹೊರತೆಗೆದು, ಫೈಟೋಫ್ತೊರವನ್ನು ಯಾರು ತಡೆಯುತ್ತಾರೆ ಎಂದು ಪರೀಕ್ಷಿಸಿತು. ಹೀಗೆ ಬಳ್ಳಿಯೊಳಗೆ ಸಿಕ್ಕ ಗಟ್ಟಿಗರಲ್ಲಿ ಒಂದು ಸ್ಯೂಡೋಮೊನಾಸ್ ಎರುಜಿನೋಸ. ವೈದ್ಯರಿದ್ದರೆ ಈ ಹೆಸರು ಕೇಳಿ ಹುಬ್ಬೇರಿಸುತ್ತಾರೆ. ಆಸ್ಪತ್ರೆಯಲ್ಲಿ ಸುಟ್ಟಗಾಯ, ಶ್ವಾಸಕೋಶಗಳಿಗೆ ಹತ್ತಿಕೊಂಡು ಆಂಟಿಬಯಾಟಿಕ್‌ಗೂ ಬಗ್ಗದ ರೋಗಾಣು ಅದು. ಮನುಷ್ಯರ ಸುಳಿವಿಲ್ಲದ ದಕ್ಷಿಣ ಭಾರತದ ಕಾಡಿನ ಮೆಣಸಿನ ಬಳ್ಳಿಯೊಳಗೆ ಸಿಕ್ಕಿದ್ದು ಸಾಧುವಾಗಿರಬಹುದೇ? ಭಾರತ, ಜರ್ಮನಿ, ನೆದರ್ಲೆಂಡ್ಸ್‌ನವರು ಸೇರಿ ನೋಡಿ 2013ರಲ್ಲಿ ಬರೆದರು. ಬಳ್ಳಿಗೆ ಅದು ಕಾವಲುಗಾರ ನಿಜ. ಆದರೆ ಮನುಷ್ಯರ ಶ್ವಾಸಕೋಶದ ಕೋಶಗಳಿಗೆ ವಿಷ, ಇಲಿಗಳ ಶ್ವಾಸಕೋಶದಲ್ಲಿ ರೋಗ ತರುವ ಶಕ್ತಿಯೂ ಇದೆ. ಅಂಥದ್ದನ್ನು ಪುಡಿ ಮಾಡಿ ಪೊಟ್ಟಣ ಕಟ್ಟಿ, ಕೊಳವೆಯಲ್ಲಿ ಬುಡಕ್ಕೆ ಹೊಡೆಯಿರಿ ಎಂದು ಅಪ್ಪಯ್ಯನ ಕೈಗೆ ಕೊಟ್ಟಿದ್ದರೆ? ಪರೀಕ್ಷೆ ಮಾಡಿ ಹೊರಗಿಟ್ಟವರಿಗೆ ನಮಸ್ಕಾರ.

ಇನ್ನೊಂದು ಇಂಥದ್ದೇ. ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ನನ್ನು 1819ರಲ್ಲಿ ಮೊದಲು ಬೇರ್ಪಡಿಸಿದವನು ಡೆನ್ಮಾರ್ಕಿನ ಅರ್ಸ್ಟೆಡ್. ಮರುವರ್ಷ ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟು ಕಂಡುಹಿಡಿದ ಅದೇ ಅರ್ಸ್ಟೆಡ್! ಆ ಪೈಪರಿನ್ ಬಳ್ಳಿಯದ್ದೇ ಸ್ವಂತ ಎಂದು ತಿಳಿದಿದ್ದೆವು. 2011ರಲ್ಲಿ ಹಿಪ್ಪಲಿಯೊಳಗಿನ ಒಂದು ಶಿಲೀಂಧ್ರ, 2014ರಲ್ಲಿ ಕಾಳುಮೆಣಸಿನೊಳಗಿನ ಒಂದು ಶಿಲೀಂಧ್ರ, ಬಳ್ಳಿಯಿಂದ ಬೇರೆ ಮಾಡಿ ಸಾಕಿದಾಗಲೂ ಒಂದಿಷ್ಟು ಪೈಪರಿನ್ ಮಾಡುತ್ತವೆ ಎಂದು ವರದಿಯಾಯಿತು. ಯಾರಿಂದ ಯಾರು ಕಲಿತರೋ. ಕಾಳುಮೆಣಸಿನಲ್ಲಿ ಸಿಕ್ಕ ಶಿಲೀಂಧ್ರದ ಹೆಸರು ಕೊಲ್ಲೆಟೋಟ್ರೈಕಂ ಗ್ಲಿಯೋಸ್ಪೊರಿಯಾಯ್ಡಿಸ್. ಎಲೆಗೆ ಚಿಬ್ಬು ತಂದು, ಕಾಳನ್ನು ಪೊಳ್ಳು ಮಾಡುವ ರೋಗಕ್ಕೂ ಇದೇ ಹೆಸರು! ಒಳಗೆ ಸುಮ್ಮನಿದ್ದಾಗ ಬಾಡಿಗೆದಾರ, ಹೊರಗೆ ತಿರುಗಿಬಿದ್ದರೆ ಕಳ್ಳ.

ಇಷ್ಟೆಲ್ಲ ಓದಿದ ಉತ್ಸಾಹದಲ್ಲಿ ಸೆಪ್ಟೆಂಬರಿನಲ್ಲಿ ಪೇಟೆಯ ಒಂದು ಅಂಗಡಿಯಿಂದ (ಹೆಸರು ಬೇಡ) ಹತ್ತು ಕಿಲೋ ಟ್ರೈಕೋಡರ್ಮ ಪುಡಿ ಕೊಂಡು ಬಸ್ಸಿಗೆ ಹಾಕಿದೆ. ಕೊಟ್ಟಿಗೆ ಗೊಬ್ಬರ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಪುಡಿ 1 ಕಿಲೋ ಲೆಕ್ಕದಲ್ಲಿ ಕಲಸಿ, ನೆರಳಲ್ಲಿ ಗೋಣಿ ಮುಚ್ಚಿ, ನೀರು ಚಿಮುಕಿಸಿ ಹದಿನೈದು ದಿನ ಬಿಡಿ, ಹಸಿರು ಬರುತ್ತದೆ, ಆಮೇಲೆ ಬುಡಕ್ಕೆ ಹಾಕಿ ಎಂದು ಫೋನಿನಲ್ಲಿ ಪಾಠ ಮಾಡಿದೆ. ತಾಮ್ರ ಹೊಡೆದು ಹದಿನೈದು ದಿನವಾದರೂ ಆಗಿರಬೇಕು, ಇಲ್ಲವಾದರೆ ಬಂಟರಿಗೂ ಪೆಟ್ಟು ಎಂದೂ ಹೇಳಿದೆ. ಅಪ್ಪಯ್ಯ ಚಾಚೂ ತಪ್ಪದೆ ಮಾಡಿದರು. ಹಸಿರು ಬರಲಿಲ್ಲ. ಇಪ್ಪತ್ತು ದಿನ ಕಾದರು. ಪರಿಚಯದವರೊಬ್ಬರು ಪುಡಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿ, ಇದರಲ್ಲಿ ಜೀವ ಇಲ್ಲ, ಟಾಲ್ಕಂ ಪುಡಿ ಅಷ್ಟೇ ಅಂದರು. ಬಿಸಿಲಿನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದಿರಬೇಕು. ಪೊಟ್ಟಣದ ಮೇಲಿನ ತಾರೀಕು ನಾನು ನೋಡಿರಲಿಲ್ಲ.

ಅಪ್ಪಯ್ಯ ಬೈಯಲಿಲ್ಲ. ಮೇಲಿನ ಮೂಲೆಗೆ ಹೋಗಿ ಹಳೇ ಗೊಬ್ಬರಗುಂಡಿಯ ಅಡಿಮಣ್ಣು ನಾಲ್ಕು ಹೆಡಿಗೆ ತಂದು ಅದೇ ರಾಶಿಗೆ ಕಲಸಿ, ಮತ್ತೆ ಗೋಣಿ ಮುಚ್ಚಿಟ್ಟರು. ಅದರಲ್ಲಿ ಯಾರಿದ್ದಾರೋ, ಬಂಟರ ಜೊತೆ ಕಳ್ಳರೂ ಬರಬಹುದಲ್ಲ ಅಂತ ನಾನು ಫೋನಿನಲ್ಲಿ ತಕರಾರು ತೆಗೆದೆ. "ಬರಲಿ, ಆ ನಾಲ್ಕು ಬಳ್ಳಿ ಅವರ ಜೊತೆಗೇ ಐವತ್ತು ವರ್ಷ ಇದ್ದಲಾ" ಅಂದರು. ಇದಕ್ಕೆ ವಿಜ್ಞಾನದ ಉತ್ತರ ನನ್ನ ಹತ್ತಿರ ಇತ್ತು, ಆದರೆ ಹೇಳಲಿಲ್ಲ. ಕೆಳಗಿನ ಸಾಲಿನಲ್ಲಿ ಬಸಿಗಾಲುವೆ ತೆಗೆಸಿದ್ದಾರೆ. ಮಲ್ಲಿಗೆಸರದ ಕುಡಿ ಕತ್ತರಿಸಿ, ಬಿಸಿಲಿಗೆ ಕಾಯಿಸಿದ ಮಣ್ಣು ತುಂಬಿದ ಇಪ್ಪತ್ತು ತೊಟ್ಟೆಗಳಲ್ಲಿ ಊರಿದ್ದಾರೆ. ಮೊನ್ನೆ ಫೋನು ಮಾಡಿದಾಗ ಹದಿನಾಲ್ಕು ಚಿಗುರಿವೆ ಅಂದರು. ಆ ತೆಂಗಿನ ನೀರಿನ ವಿಷಯ ಇನ್ನೊಮ್ಮೆ ನಿಧಾನಕ್ಕೆ ಹೇಳು, ಆಯಿ ಕಾಯಿ ಒಡೆದ ನೀರೆಲ್ಲ ಕ್ಯಾನಿಗೆ ತುಂಬಿಡುತ್ತಿದ್ದಾಳೆ, ಇರುವೆ ಮುತ್ತುತ್ತಿದೆ ಎಂದೂ ಅಂದರು.